ಮಾದೇವ ಹೊಡೆದ ಕೆನ್ನೆ

೨೦೦೮ರ ಒಂದು ಮಧ್ಯಾಹ್ನ. ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಮಾದೇವ ಗಂಗೆಯ ಜಡೆ ಹಿಡಿದು ಎಳೆದ. ವಿಚ್ಛೇದನವಾಗಿ ಆರು ತಿಂಗಳಾಗಿದ್ದರೂ ಅವಳು ತನ್ನ ಹೆಂಡತಿಯೇ ಎಂದು ಅವನ ಹಟ.

ಸಿದ್ದಾಪುರದ ಟೆಂಪೋ ಓಡಿಸುವ ಉಲ್ಲಾಸ ಓಡಿ ಬಂದವನೇ ಅವನ ಮುಖಕ್ಕೆ ಗುದ್ದಿದ. ಮಾದೇವ ಬಿದ್ದ. ಉಲ್ಲಾಸ ನಿಲ್ಲಿಸಲಿಲ್ಲ... ಬಿದ್ದವನನ್ನು ಒದ್ದ, ಮತ್ತೆ ಒದ್ದ. ಹಲ್ಲು ಮುರಿದು ರಕ್ತ ಸುರಿಯಿತು.

"ಸಾಕು, ಬಿಡ್ರಿ. ಸತ್ತೇ ಹೋಗ್ತಾನೆ," ಎಂದಳು ಗಂಗೆ.

ಕಾಪಾಡಿದವನ ಕಣ್ಣಲ್ಲೂ ಅದೇ ಬೆಂಕಿ! ಅವಳು ಹಿಂದೆ ಸರಿದಳು.

ಅದಕ್ಕೂ ಎರಡು ವರ್ಷದ ಹಿಂದೆ ಮಾದೇವ ಅವಳ ಮುಖಕ್ಕೆ ಒನಕೆಯಿಂದ ಹೊಡೆದಿದ್ದ. ಮುರಿದ ಮೂಳೆ ಕೂಡಿಕೊಂಡಿತು. ಒಳಗಿನ ಕೊಬ್ಬು ಕರಗಿ ಎಡಗೆನ್ನೆ ಗುಳಿಬಿತ್ತು.

ಬಸ್‌ಸ್ಟ್ಯಾಂಡಿನ ಆ ಗಲಾಟೆಯ ನಂತರ ಅವಳು ಉಲ್ಲಾಸನ ಟೆಂಪೋದಲ್ಲೇ ತನ್ನ ಹೊಲಿಗೆ ಅಂಗಡಿಗೆ ಹೋಗತೊಡಗಿದಳು. ಮಾತು ಬೆಳೆಯಿತು, ಮನಸ್ಸೂ. ಮದುವೆಯ ವಿಷಯ ಬಂದರೆ ಮಾತ್ರ ಅವನು ಒದ್ದ ರೀತಿ ನೆನಪಾಗಿ ಮಾತು ತಪ್ಪಿಸುತ್ತಿದ್ದಳು. ಕೆನ್ನೆಯ ನಾಚಿಕೆ ಎಂದುಕೊಂಡ ಉಲ್ಲಾಸ.

ಹುಬ್ಬಳ್ಳಿಯ ಚರ್ಮದ ಡಾಕ್ಟರಮ್ಮ ಒಂದು ಇಂಜೆಕ್ಷನ್ ಹೇಳಿದ್ದರು. ಜೆಲ್‌ನಂಥ ಮದ್ದು ಗುಳಿಯನ್ನು ತುಂಬುತ್ತದೆ. ವರ್ಷದ ಹೊತ್ತಿಗೆ ಮೈಯೇ ಅದನ್ನು ನಿಧಾನ ಕರಗಿಸಿಕೊಳ್ಳುತ್ತದೆ.

ಕರಗಿಹೋಗುವ ಮದ್ದು ಯಾಕೆ, ನನಗೆ ನೀನು ಹೀಗೇ ಚೆಂದ ಎಂದ ಉಲ್ಲಾಸ.

"ನಿಮಗಲ್ಲ, ನಂಗೆ. ಕನ್ನಡಿ ನೋಡಿದ್ರೆ ದಿನಾ ಅವನ ಏಟೇ ಕಾಣ್ತದೆ. ಒಂದು ವರ್ಷ ಆದ್ರೂ ನನ್ನ ಮುಖ ನಂಗೆ ಬೇಕು."

ಅವನು ತಲೆ ತಗ್ಗಿಸಿದ.

ಗಂಗೆ ಒಬ್ಬಳೇ ಹೋಗಿ ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದಳು. ಎರಡು ದಿನ ಬಾವು. ಅದು ಇಳಿದ ಬೆಳಿಗ್ಗೆ, ತುಂಬಿದ ಕೆನ್ನೆ ಮುಟ್ಟಿಕೊಂಡು ಅತ್ತಳು.

ಹದಿನೈದು ದಿನಕ್ಕೆ ಮಾದೇವ ಅಂಗಡಿಗೆ ನುಗ್ಗಿದ.

"ಯಾರಿಗೆ ತೋರ್ಸೂಕೆ ಈ ಮುಖ?"

ಮೇಜಿನ ಕತ್ತರಿ ಎತ್ತಿ ಆ ಕೆನ್ನೆಗೇ ಬೀಸಿದ. ಗಂಗೆ ಕಾದ ಇಸ್ತ್ರಿಪೆಟ್ಟಿಗೆಯನ್ನು ಅವನ ಮಣಿಕಟ್ಟಿಗೆ ಒತ್ತಿದಳು. ಚರ್ಮ ಸುಟ್ಟ ವಾಸನೆ... ಅವನು ಅರಚಿದ, ಆದರೂ ಕತ್ತರಿ ಬಿಡಲಿಲ್ಲ. ಕೂಗು ಕೇಳಿ ಟೆಂಪೋ ಬಿಟ್ಟು ಬಂದ ಉಲ್ಲಾಸನ ತೋಳನ್ನು ಅದು ಸೀಳಿತು.

ಉಲ್ಲಾಸ ಅವನನ್ನು ನೆಲಕ್ಕೆ ಕೆಡವಿ ಮುಷ್ಟಿ ಎತ್ತಿದ. ಗಂಗೆ ಕಣ್ಣು ಮುಚ್ಚಿದಳು.

ಏಟಿನ ಸದ್ದು ಬರಲಿಲ್ಲ. ಪೊಲೀಸರು ಬರುವ ತನಕ, ರಕ್ತ ಸುರಿಯುತ್ತಿದ್ದರೂ, ಉಲ್ಲಾಸ ಅವನನ್ನು ಬರೇ ಅದುಮಿ ಹಿಡಿದಿದ್ದ.

ಅವರು ಮಾದೇವನನ್ನು ಎಳೆದೊಯ್ದ ಮೇಲೆ ಗಂಗೆ ಲೈನಿಂಗ್ ಬಟ್ಟೆ ಹರಿದು ಉಲ್ಲಾಸನ ತೋಳಿಗೆ ಕಟ್ಟಿದಳು.

"ಹೊಡೀಲಿಲ್ಲ ಯಾಕೆ?"

"ನೀನು ಕಣ್ಣು ಮುಚ್ಚಿದ್ದು ಕಂಡೆ. ನನ್ನ ಕಂಡೇ ಹೆದರಿದ್ದು ಅಂತ ಆಗ ಗೊತ್ತಾಯ್ತು."

"ಹೌದು... ಈಗ ಹೆದರಿಕೆ ಇಲ್ಲ. ನನ್ನ ಮದುವೆ ಆಗ್ತೀರಾ?"

ಉಲ್ಲಾಸ ಹೂಂ ಎಂದು ತಲೆಯಾಡಿಸಿದ, ಕಣ್ಣು ತುಂಬಿತ್ತು.

"ಆಸ್ಪತ್ರೆಗೆ ಹೋಗಿ ಹೊಲಿಗೆ ಹಾಕಿಸ್ಕಂಡು ಬರ್ತೆ. ಇಲ್ಲೇ ಇರ್ತೀಯಾ?"

"ಇಲ್ಲ. ನಾನೂ ಬರ್ತೆ," ಎಂದು ಅವಳು ಅಂಗಡಿಯ ಬಾಗಿಲು ಎಳೆದಳು.