ಆತ್ರೀ ಸರ್

ಗೋಡೆಯ ಮೇಲೆ ಫಿನ್‌ಲ್ಯಾಂಡಿನ ಮೌನ ಹರಡಿಕೊಂಡಿತ್ತು. ತಿಳಿನೀಲಿ, ಅಂಚಿನಲ್ಲಿ ಅಲ್ಲಲ್ಲಿ ಹಳದಿ. ಪಕ್ಕದಲ್ಲೇ ಘಾನಾದ್ದು, ಚಿಕ್ಕದಾದರೂ ಕಡುನೀಲಿ. ಕೆಳಗೆ ವಿಯೆಟ್ನಾಂ, ಕ್ಯೂಬಾ, ಜಪಾನ್. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ, ಮಕ್ಕಳು ಬಾಯಿ ತೆರೆಯುವ ಮೊದಲು, ನಡುವೆ ಹುಟ್ಟುವ ಆ ಪುಟ್ಟ ಹೊತ್ತು ಹನ್ನೊಂದು ದೇಶಗಳ ತರಗತಿಗಳಲ್ಲಿ ಹೇಗಿತ್ತೆಂದು ತೋರಿಸುವ ಹನ್ನೊಂದು ಚಿತ್ರಗಳು. ಹನ್ನೆರಡನೆಯ ಚೌಕದಲ್ಲಿ ಬಣ್ಣವಿರಲಿಲ್ಲ. ಅದರ ಕೆಳಗೆ ಬರೆದಿತ್ತು: ಗದಗ, ಭಾರತ. ಮೌನ ಸಿಕ್ಕಿಲ್ಲ.

"ಸಿಕ್ಕಿಲ್ಲ ಅಂದ್ರ ಏನ್ರೀ ಮೇಡಂ?" ಗಣಿತದ ಮೇಷ್ಟ್ರು ನದಾಫ್ ಕನ್ನಡಕ ಮೇಲೇರಿಸಿ ನೋಡಿದರು. "ನಮ್ಮ ಹುಡುಗ್ರು ಎಲ್ಲ್ಯರ ಕಳಕೊಂಡು ಬಂದಾರೇನು?"

ಎಂಟನೇ ತರಗತಿ ಗೊಳ್ಳೆಂದಿತು. ಡಾ. ನಿರುಪಮಾ ಹೊಂಬಳ ನಗಲಿಲ್ಲ. ಮೌನದರ್ಶಕವನ್ನು ಕಂಡುಹಿಡಿದವಳು ಅವಳೇ. ಛಾವಣಿಗೆ ಅಂಟಿಸಿದ ತಟ್ಟೆಯಷ್ಟು ಅಗಲದ ಆ ಉಪಕರಣ ಬಲು ಮಂದವಾದ ರೇಡಿಯೋ ಅಲೆಗಳನ್ನು ಕೆಳಗೆ ಬಿಡುತ್ತಿತ್ತು. ಯೋಚಿಸುವಾಗ ಮನುಷ್ಯ ಒಳಗೊಳಗೇ ಮಾತಾಡಿಕೊಳ್ಳುತ್ತಾನೆ. ಆಗ ಅವನ ಗಂಟಲು ಕಣ್ಣಿಗೆ ಕಾಣದಷ್ಟು ಕದಲುತ್ತದೆ. ಹೆದರಿದಾಗ ಉಸಿರು ಕಟ್ಟುತ್ತದೆ. ಬೇಸರವಾದಾಗ ಎರಡೂ ಸಡಿಲವಾಗುತ್ತವೆ. ಮರಳಿ ಬಂದ ಅಲೆಗಳಲ್ಲಿ ಈ ವ್ಯತ್ಯಾಸ ಹಿಡಿದು ಯಂತ್ರ ಬಣ್ಣ ಕೊಡುತ್ತಿತ್ತು: ಯೋಚನೆಗೆ ನೀಲಿ, ಭಯಕ್ಕೆ ಬೂದಿ, ಬೇಸರಕ್ಕೆ ಹಳದಿ.

ಅದು ೨೦೬೩ನೇ ಇಸವಿ. ವಿಶ್ವ ಶಿಕ್ಷಣ ಮಂಡಳಿ ಅಲ್ಲಿಯವರೆಗೆ ದೇಶಗಳನ್ನೂ ಜಿಲ್ಲೆಗಳನ್ನೂ ಪರೀಕ್ಷೆಯ ಅಂಕಗಳಿಂದ ಹೋಲಿಸಿ ಸ್ಥಾನ ಕೊಡುತ್ತಿತ್ತು. ಕೆಳಗಿನ ಸ್ಥಾನದ ಜಿಲ್ಲೆಗಳ ಮಕ್ಕಳಿಗೆ ಎಂಟನೇ ತರಗತಿಯ ನಂತರ ವಿಜ್ಞಾನವಿಲ್ಲ, ಬರೀ ಕೈಕಸುಬು. ಗದಗಕ್ಕೆ ಪ್ರತಿ ವರ್ಷವೂ ಕೈಕಸುಬೇ ಬಂದಿತ್ತು. ಅಂಕಗಳ ಬದಲು ಮೌನದರ್ಶಕದಿಂದ ಹೋಲಿಸಬಹುದೇ ಎಂದು ಮಂಡಳಿ ಅಂದು ಮಧ್ಯಾಹ್ನ ತೀರ್ಮಾನಿಸುವುದಿತ್ತು. ಅಷ್ಟರೊಳಗೆ ಹನ್ನೆರಡೂ ಚೌಕ ತುಂಬದಿದ್ದರೆ ಹಳೆಯ ಪದ್ಧತಿಯೇ ಗಟ್ಟಿ.

"ಸರ್, ನೀವು ಪಾಠ ಮಾಡಿ ಕಡೀಕ ಏನು ಕೇಳ್ತೀರಿ?"

"ಅರ್ಥ ಆತೇನ್ರೋ ಅಂತ—"

"ಆತ್ರೀ ಸರ್!" ಇಡೀ ತರಗತಿ ಒಂದೇ ರಾಗದಲ್ಲಿ ಕೂಗಿತು. ಮೇಷ್ಟ್ರು ಇನ್ನೂ ಪಾಠವನ್ನೇ ಮಾಡಿರಲಿಲ್ಲ.

ನಿರುಪಮಾ ಖಾಲಿ ಚೌಕದತ್ತ ಕೈ ತೋರಿದಳು. "ಇದಾ ನೋಡ್ರಿ. ಪ್ರಶ್ನೆ ಮುಗಿಯೂಕಿಂತ ಮೊದಲ ಉತ್ತರ ಬಂತು. ನಡುವ ಏನೂ ಇಲ್ಲ. ಇವತ್ತೊಂದಿನ ಆ ಮಾತು ಬಿಟ್ಟು ಪಾಠ ಮಾಡ್ರಿ."

ನದಾಫ್ ಒಪ್ಪಿದರು. ಹಲಗೆಯ ಮೇಲೆ ಬರೆದರು: ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಸಂಖ್ಯೆ. ತಿರುಗಿ, "ಅರ್ಥ ಆತೇ..." ಎಂದು ನಾಲಿಗೆ ಕಚ್ಚಿಕೊಂಡರು.

"ಆತ್ರೀ ಸರ್!"

ಎರಡನೆಯ ಸಲವೂ ಅದೇ ಆಯಿತು. ಮೂರನೆಯ ಸಲಕ್ಕೆ ಜೇಬಿನಿಂದ ಒಂದು ಲವಂಗ ತೆಗೆದು ಮುಂದಿನ ಹಲ್ಲುಗಳ ನಡುವೆ ಹಿಡಿದುಕೊಂಡರು. ಆ ಮಾತು ಹೊರಡಬೇಕಾದರೆ ಲವಂಗ ಬೀಳಬೇಕು.

"ಸರ್ ಬಾಯಿಗೆ ಬೀಗ ಬಿತ್ತಲೇ," ಎಂದು ಹಿಂದಿನಿಂದ ಯಾರೋ ಅಂದರು.

ಮೇಷ್ಟ್ರು ಬರೆದು ಸುಮ್ಮನೆ ನಿಂತರು. ಮಕ್ಕಳು ಕಾದರು. ಕೂಗಲು ಸಿದ್ಧವಾಗಿದ್ದ ಬಾಯಿಗಳು ಹಾಗೇ ಉಳಿದವು. ಫ್ಯಾನಿನ ಕಿರುಗುಟ್ಟು ಕೇಳಿಸಿತು. ಚೌಕದಲ್ಲಿ ಬೂದಿ ಬಣ್ಣ ಇಣುಕಿತು. ಮೂರನೆಯ ಬೆಂಚಿನ ಮುಕ್ತಾ ಕೈ ಅರ್ಧ ಎತ್ತಿ, ಇಳಿಸಿ, ಮತ್ತೆ ಎತ್ತಿದಳು.

"ಸರ್, ಎರಡು ಸಾಲ ಸೇರಿದ್ರ ದೊಡ್ಡ ಸಾಲ ಆಗ್ತದಲ್ರೀ. ಗುಣಿಸಿದ್ರ ಗಳಿಕಿ ಹ್ಯಾಂಗ ಆಗ್ತದ್ರೀ?"

ನದಾಫ್ ಹಲಗೆ ನೋಡಿದರು. ಸೀಮೆಸುಣ್ಣ ನೋಡಿದರು. ವರ್ಷಗಟ್ಟಲೆ ಅವರು ಈ ನಿಯಮ ಹೇಳಿಕೊಟ್ಟಿದ್ದರು. ತಮಗೆ ಅದನ್ನು ಹೇಳಿಕೊಟ್ಟವರಿಗೆ ತಾವೂ "ಆತ್ರೀ ಸರ್" ಅಂದಿದ್ದರು. ಅವರು ಮಾತಾಡಲಿಲ್ಲ. ಮಕ್ಕಳೂ ಮಾತಾಡಲಿಲ್ಲ. ಚೌಕದ ಬೂದಿ ಮೆಲ್ಲಗೆ ಕರಗಿ ನೀಲಿಯಾಯಿತು. ನಿರುಪಮಾ ಗೋಡೆಗೆ ಮುಖ ತಾಗುವಷ್ಟು ಹತ್ತಿರ ಹೋದಳು. ಉಳಿದ ಹನ್ನೊಂದು ಚಿತ್ರಗಳಲ್ಲಿ ಶಿಕ್ಷಕರು ನಿಂತ ಜಾಗ ಬಿಳಿಯಾಗಿತ್ತು. ಉತ್ತರ ಗೊತ್ತಿರುವವರ ಗಂಟಲು ಕದಲಬೇಕಿಲ್ಲವಲ್ಲ. ಇಲ್ಲಿ ನೀಲಿ ಹುಟ್ಟಿದ್ದೇ ಮೇಷ್ಟ್ರ ಮೇಜಿನ ಬಳಿ. ಅಲ್ಲಿಂದ ಅದು ಬೆಂಚಿನಿಂದ ಬೆಂಚಿಗೆ ದಾಟುತ್ತಿತ್ತು!

ನದಾಫ್ ಲವಂಗವನ್ನು ಬಾಯಿಂದ ತೆಗೆದರು. "ನನಗೂ ಗೊತ್ತಿಲ್ಲವ್ವಾ ಮುಕ್ತಾ. ಬಾ, ಕೂಡೇ ನೋಡೂಣು."

ಹಲಗೆಯ ಮೇಲೆ ಋಣ ಒಂದನ್ನು ಮೂರರಿಂದ ಗುಣಿಸಿದರು. ಋಣ ಮೂರು. ಎರಡರಿಂದ ಗುಣಿಸಿದರು. ಋಣ ಎರಡು. ಒಂದರಿಂದ, ಋಣ ಒಂದು. ಸೊನ್ನೆಯಿಂದ, ಸೊನ್ನೆ.

"ತಡೀರಿ ತಡೀರಿ ಸರ್!" ಮುಕ್ತಾ ಬೆಂಚಿನ ಮೇಲೇ ಹತ್ತಿದ್ದಳು. "ಪ್ರತಿ ಸಲ ಒಂದೊಂದು ಮ್ಯಾಲ ಏರಾಕತ್ತೇತ್ರೀ! ಸೊನ್ನೆ ಆದಮ್ಯಾಲ ಋಣ ಒಂದರಿಂದ ಗುಣಿಸಬೇಕು. ಹಂಗಾದ್ರ ಇನ್ನೊಂದು ಏರಿ..."

"ಒಂದು! ಧನ ಒಂದು!" ತರಗತಿ ಎದ್ದು ನಿಂತಿತು. ಈ ಸಲ ರಾಗವಿರಲಿಲ್ಲ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಕೂಗಿದರು.

ಹನ್ನೆರಡನೆಯ ಚೌಕ ತುಂಬಿತ್ತು.

ಮಧ್ಯಾಹ್ನ ಅದೇ ಗೋಡೆಯ ಮೇಲೆ ಮಂಡಳಿಯ ಸಭೆ ಮೂಡಿತು; ಅವರಿಗೂ ಈ ತರಗತಿ ಕಾಣುತ್ತಿತ್ತು, ಕೇಳುತ್ತಿತ್ತು. ಹನ್ನೆರಡು ದೇಶಗಳ ಮಂತ್ರಿಗಳು, ನಡುವೆ ಅಧ್ಯಕ್ಷೆ. ಸಭಾಂಗಣದ ಛಾವಣಿಗೂ ಒಂದು ಮೌನದರ್ಶಕ ಅಂಟಿಸಿದ್ದರು, ಅದರ ಚೌಕ ಪಕ್ಕದಲ್ಲೇ ಇತ್ತು. ಅಧ್ಯಕ್ಷೆಯ ಮಾತನ್ನು ಅನುವಾದ ಯಂತ್ರ ಪಠ್ಯಪುಸ್ತಕದ ಕನ್ನಡದಲ್ಲಿ ಹೇಳಿತು: "ಅಭಿನಂದನೆಗಳು. ಅಂಕಗಳ ಯುಗ ಮುಗಿಯಿತು. ಇನ್ನು ಮುಂದೆ ಹೆಚ್ಚು ನೀಲಿ ಇರುವವರಿಗೆ ಮೊದಲ ಸ್ಥಾನ, ಕಡಿಮೆ ಇರುವವರಿಗೆ ಕೊನೆಯ ಸ್ಥಾನ. ಸ್ಥಾನಕ್ಕೆ ತಕ್ಕಂತೆ ಮುಂದಿನ ಓದು. ಎಲ್ಲರಿಗೂ ಅರ್ಥವಾಯಿತಲ್ಲವೇ?"

"ಅರ್ಥವಾಯಿತು," ಹನ್ನೆರಡು ತಲೆಗಳು ಒಟ್ಟಿಗೆ ಆಡಿದವು.

ಸಭಾಂಗಣದ ಚೌಕದಲ್ಲಿ ಅಕ್ಷರ ಮೂಡಿತು: ಮೌನ ಸಿಕ್ಕಿಲ್ಲ.

ನಾಳೆಯೇ ನೀಲಿ ಮೌನಕ್ಕೆ ಟ್ಯೂಷನ್ ಶುರುವಾಗುತ್ತದೆ, ನಿರುಪಮಾ ಅಂದುಕೊಂಡಳು. ಗಂಟಲು ಕದಲಿಸುವುದನ್ನು ಬಾಯಿಪಾಠ ಮಾಡಿಸುತ್ತಾರೆ. ಆಕ್ಷೇಪಿಸಿದರೆ ಗೆದ್ದದ್ದೂ ಹೋದೀತೆಂದು ಅವಳು ಹಿಂಜರಿದಳು. ಅವಳ ಪಕ್ಕದಲ್ಲಿ ಒಂದು ಕೈ ಮೇಲೆದ್ದಿತು.

"ನನಗ ಅರ್ಥ ಆಗ್ಲಿಲ್ರೀ ಅವ್ವಾರ," ನದಾಫ್ ಹೇಳಿದರು.

ಅಧ್ಯಕ್ಷೆ ನಕ್ಕರು. "ಯಾವ ಭಾಗ?"

"ಬೂದಿ ಬಣ್ಣದ ಹುಡುಗ್ರು ಹೆದರ್‍ಯಾರ, ಯೋಚನಿ ಮಾಡಾಕ ಆಗವಲ್ದು ಅಂತ ನಿಮ್ಮ ಮಷೀನ ಹೇಳ್ತದ. ಅಂಥವ್ರ ಕಡೆಯಿಂದನ ವಿಜ್ಞಾನ ಯಾಕ ಕಸಗೋತೀರಿ?"

ಅಧ್ಯಕ್ಷೆಯ ನಗು ನಿಂತಿತು. ಅನುವಾದ ಯಂತ್ರ ಕಾಯುತ್ತಿತ್ತು. ಮಕ್ಕಳು ಗೋಡೆಯನ್ನೇ ನೋಡುತ್ತಿದ್ದರು.

ನಿರುಪಮಾಳ ಕಣ್ಣು ಮುಕ್ತಾಳ ಬೆಂಚಿನ ಮೇಲೆ ನಿಂತಿತು. ೨೦೨೬ರಲ್ಲಿ, ಇದೇ ಕೋಣೆಯ ಅದೇ ಜಾಗದಲ್ಲಿ ಅವಳು ಕೂತಿದ್ದಳು. ಹಲಗೆಯ ಮೇಲೆ ಇದೇ ನಿಯಮವಿತ್ತು. ಏನೂ ತಿಳಿದಿರಲಿಲ್ಲ. ಮೇಷ್ಟ್ರು ತಿರುಗಿ ಕೇಳಿದ್ದರು, ಉಳಿದವರ ಜೊತೆ ಅವಳೂ ಕೂಗಿದ್ದಳು. ಆ ದಿನ ಯಾರಾದರೂ ಒಂದು ಉಸಿರು ಹೆಚ್ಚು ಕಾದಿದ್ದರೆ ಈ ಯಂತ್ರವೇ ಬೇಕಾಗುತ್ತಿರಲಿಲ್ಲ.

"ಮೇಡಂ, ನೋಡ್ರೀ!" ಮುಕ್ತಾ ಪಿಸುಗುಟ್ಟಿದಳು.

ಸಭಾಂಗಣದ ಚೌಕದ ಒಂದು ಮೂಲೆಯಲ್ಲಿ ನೀಲಿ ಹುಟ್ಟುತ್ತಿತ್ತು.