ಎರಡು ಶಾಲೆಗೆ ಒಂದೇ ಪ್ರೊಜೆಕ್ಟರ್

ಎಲೆಯ ಪತ್ರರಂಧ್ರವೊಂದು ಪರದೆಯ ಮೇಲೆ ನಿಧಾನವಾಗಿ ಬಾಯಿ ತೆರೆಯುತ್ತಿತ್ತು. ಅಷ್ಟರಲ್ಲಿ ಪ್ರೊಜೆಕ್ಟರ್ ಆರಿಹೋಯಿತು.

ಹತ್ತನೇ ತರಗತಿಯ ಮಕ್ಕಳು ಒಟ್ಟಿಗೇ ನಿಟ್ಟುಸಿರು ಬಿಟ್ಟರು. ಪಾಠ ಮಾಡುತ್ತಿದ್ದ ಗಗನಾ ಓಡಿಬಂದು ಮುಟ್ಟಿ ನೋಡಿದಳು. ಜ್ವರ ಬಂದ ಮಗುವಿನ ಹಣೆಯಂತೆ ಸುಡುತ್ತಿತ್ತು. ಮೇಲೆ ಕೆಂಪು ದೀಪ ಮಿಟುಕುತ್ತಿತ್ತು. ಪಕ್ಕದ ಮುಚ್ಚಳ ತೆಗೆದರೆ, ಗಾಳಿ ಒಳಗೆಳೆಯುವ ಫಿಲ್ಟರ್ ಮೇಲೆ ಧೂಳು ಕಂಬಳಿ ಹೊದ್ದಂತೆ ಕೂತಿತ್ತು.

ಟ್ರಸ್ಟಿಗೆ ಶಾಲೆ ಎರಡು, ಪ್ರೊಜೆಕ್ಟರ್ ಒಂದೇ. ವಾರದ ಮೊದಲರ್ಧ ಅದು ಶಿವಮೊಗ್ಗದ ವಿದ್ಯಾನಗರದ ಶಾಲೆಯಲ್ಲಿರುತ್ತಿತ್ತು, ಉಳಿದರ್ಧ ಗಗನಾ ವಿಜ್ಞಾನ ಕಲಿಸುವ ಭದ್ರಾವತಿಯ ಜನ್ನಾಪುರದ ಶಾಲೆಯಲ್ಲಿ. ಬುಧವಾರ ಸಂಜೆ ಅದನ್ನು ಬಸ್ಸಿನಲ್ಲಿ ತಂದು ಆಫೀಸಿನಲ್ಲಿಟ್ಟು, ಶನಿವಾರ ಮಧ್ಯಾಹ್ನ ಬಂದು ಒಯ್ಯುವವನು ಶಿವಮೊಗ್ಗ ಶಾಲೆಯ ಫಿಸಿಕ್ಸ್ ಮೇಷ್ಟ್ರು ಶಿವಯೋಗಿ. ಗಗನಾ ಅವನ ಬೆನ್ನನ್ನಷ್ಟೇ ಕಂಡಿದ್ದಳು.

ಅವತ್ತು ಆಫೀಸಿನಿಂದ ನಂಬರ್ ಪಡೆದು ಫೋನ್ ಮಾಡಿದಳು. ನಿಮ್ಮಲ್ಲಿ ಯಾರೂ ಫಿಲ್ಟರ್ ಒರೆಸುವುದಿಲ್ಲವೇ, ಪಾಠದ ನಡುವೆ ನಿಂತರೆ ಮಕ್ಕಳಿಗೆ ಏನು ಹೇಳಲಿ, ನಾಳೆ ಲ್ಯಾಂಪ್ ಸುಟ್ಟುಹೋದರೆ ಯಾರು ಹೊಣೆ ಎಂದೆಲ್ಲ ಕೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ.

"ತಪ್ಪಾಯ್ತು ಮೇಡಂ. ಇನ್ಮೇಲೆ ನಾನೇ ನೋಡ್ಕೋತೀನಿ."

ಅಷ್ಟೇ. ಜಗಳಕ್ಕೆ ಸಿದ್ಧವಾಗಿ ನಿಂತಿದ್ದ ಗಗನಾಗೆ ಉಳಿದ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಮುಂದಿನ ಬುಧವಾರ ಅವನು ಬ್ಯಾಗನ್ನು ಆಫೀಸಿನಲ್ಲಿಟ್ಟು ಹೊರಡಲಿಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಗಗನಾ ಮೇಡಂ ಯಾರು ಎಂದು ಕೇಳಿದ. ಎತ್ತರದ ಆಳು, ಮೊಣಕೈವರೆಗೆ ಮಡಚಿದ ಅಂಗಿಯ ತೋಳು, ನಗುವ ಮೊದಲು ಒಂದು ಕ್ಷಣ ನೆಲ ನೋಡುವ ಅಭ್ಯಾಸ. ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದು ತೋರಿಸಿದ. ಆಗಷ್ಟೇ ಮಿಂದು ಬಂದಂತಿತ್ತು. ಮುಗಿದ ಕೂಡಲೇ ಪ್ಲಗ್ ಕೀಳಬೇಡಿ, ಒಳಗಿನ ಫ್ಯಾನ್ ತಾನಾಗಿ ನಿಲ್ಲುವವರೆಗೆ ಬಿಡಿ ಎಂದು ಹೇಳಿಕೊಟ್ಟ. ಗಗನಾ ತಲೆಯಾಡಿಸಿದಳು. ಅವಳ ಗಮನವೆಲ್ಲ ಲೆನ್ಸ್ ಒರೆಸುತ್ತಿದ್ದ ಅವನ ಬೆರಳುಗಳ ಮೇಲಿತ್ತು. ಅದು ಗೊತ್ತಾದಾಗ ಅವಳಿಗೇ ಕಸಿವಿಸಿಯಾಯಿತು.

ಶುಕ್ರವಾರ ಮುಚ್ಚಳ ತೆಗೆದು ನೋಡಿದರೆ ಮತ್ತೆ ಧೂಳು. ಬೆರಳಿಗೆ ಮೆತ್ತಿಕೊಂಡಿದ್ದು ಬಿಳಿ. ಚಾಕ್‌ಪೀಸ್ ಪುಡಿ.

ಗಗನಾ ತಲೆಯೆತ್ತಿ ನೋಡಿದಳು. ಪ್ರೊಜೆಕ್ಟರ್ ಇಟ್ಟಿದ್ದ ಮೇಜು ಕಪ್ಪು ಹಲಗೆಯ ಬುಡದಲ್ಲೇ ಇತ್ತು. ತಾನು ಡಸ್ಟರ್ ಆಡಿಸಿದಾಗಲೆಲ್ಲ ಉದುರಿದ ಪುಡಿಯನ್ನು ಪಾಪ, ಆ ಯಂತ್ರ ಎಳೆದುಕೊಳ್ಳುತ್ತಿತ್ತು.

ಶನಿವಾರ ಅವನು ಬಂದಾಗ ನೇರವಾಗಿ ಕೇಳಿದಳು. "ಧೂಳು ನಮ್ದೇ ಅಂತ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು. ನಮ್ಮಲ್ಲಿರೋದು ವೈಟ್ ಬೋರ್ಡು."

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಲೇ ಇದ್ದೆ. ನೀವು ಮಧ್ಯದಲ್ಲಿ ಉಸಿರು ತಗೊಳ್ಳಲೇ ಇಲ್ಲ."

ಗಗನಾ ನಕ್ಕಳು. ನಗು ನಿಲ್ಲಿಸಲು ಹೋಗಿ ಇನ್ನಷ್ಟು ನಕ್ಕಳು. ಅವನು ನೆಲ ನೋಡಿ, ಆಮೇಲೆ ಅವಳನ್ನು ನೋಡಿದ.

ಅವತ್ತೇ ಇಬ್ಬರೂ ಸೇರಿ ಮೇಜನ್ನು ಹಲಗೆಯಿಂದ ದೂರ ಎಳೆದರು. ಕಿಟಕಿಗಳಿಗೆ ದಪ್ಪ ಬಟ್ಟೆ ಕಟ್ಟಿದರು. ಚಿತ್ರ ಚೌಕ ಕೂತಿದೆಯೇ ಎಂದು ನೋಡಲು ಅವನು ಪರದೆಯ ಮುಂದೆ ಹೋದಾಗ ಎಲೆಯ ಹಸಿರು ನರಗಳೆಲ್ಲ ಅವನ ಬಿಳಿ ಅಂಗಿಯ ಮೇಲೆ ಹರಡಿದವು. ಪಕ್ಕಕ್ಕೆ ಸರಿಯಿರಿ ಎನ್ನಬೇಕಿತ್ತು. ಗಗನಾ ಸ್ವಲ್ಪ ತಡವಾಗಿ ಹೇಳಿದಳು.

ಆಮೇಲಿನ ಶನಿವಾರಗಳಲ್ಲಿ ಪ್ರೊಜೆಕ್ಟರನ್ನು ಶಿವಮೊಗ್ಗಕ್ಕೆ ತಾನೇ ತರುತ್ತೇನೆಂದು ಅವಳು ಹಟ ಹಿಡಿದಳು. ಬಸ್ಸಿನಲ್ಲಿ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಬರುವಳು. ಅವನು ಸ್ಟ್ಯಾಂಡಿನಲ್ಲಿ ಕಾಯುವನು. ಬ್ಯಾಗು ಕೈ ಬದಲಾಗಲು ಒಂದು ನಿಮಿಷ ಸಾಕು. ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಕಾಫಿ ಹಿಡಿದು ಕೂತ ಅವರಿಗೆ ಒಂದು ತಾಸು ಬೇಕಾಗುತ್ತಿತ್ತು. ಮಾತೆಲ್ಲ ಮಕ್ಕಳದ್ದು, ಪಾಠದ್ದು. ಹೇಳದೆ ಉಳಿದದ್ದನ್ನು ಇಬ್ಬರೂ ವಾಪಸ್ ಮನೆಗೆ ಹೊತ್ತೊಯ್ಯುತ್ತಿದ್ದರು.

ಡಿಸೆಂಬರಿನಲ್ಲಿ ಟ್ರಸ್ಟು ಎರಡೂ ಶಾಲೆಗೆ ಹೊಸ ಪ್ರೊಜೆಕ್ಟರ್ ಕೊಡಿಸಿತು. ಚಾವಣಿಗೆ ಬಿಗಿಯಾಗಿ ಕೂತವು. ಇನ್ನು ಯಾರೂ ಎಲ್ಲಿಗೂ ಏನನ್ನೂ ಹೊರಬೇಕಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಗಗನಾ ಕೂಡ ತಟ್ಟಿದಳು. ಎಲ್ಲರಿಗಿಂತ ಮೊದಲು ನಿಲ್ಲಿಸಿದಳು.

ಸಂಜೆ ಅವನ ಮೆಸೇಜ್ ಬಂತು. "ಕಂಗ್ರಾಟ್ಸ್ ಮೇಡಂ. ಇನ್ನು ಬಸ್ಸಲ್ಲಿ ಹೊರೋದು ತಪ್ಪಿತು."

ಉತ್ತರ ಬರೆದಳು, ಅಳಿಸಿದಳು. ಮತ್ತೆ ಬರೆದಳು. ಕೊನೆಗೆ ಹೋದದ್ದು ಬರೀ ಒಂದು ಥ್ಯಾಂಕ್ಸ್. ಆ ಕಡೆಯಿಂದ ಮತ್ತೇನೂ ಬರಲಿಲ್ಲ.

ಬುಧವಾರ ಬಂದರೆ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತಿದ್ದಿದ ಉತ್ತರಪತ್ರಿಕೆಯನ್ನೇ ಮತ್ತೆ ತಿದ್ದುವಳು. ಗೇಟಿನ ಕಡೆ ಹೋಗಿ ಬರುವಳು. ಅವನಿಗೆ ಬೇಕಾಗಿದ್ದುದು ಪ್ರೊಜೆಕ್ಟರ್ ಮಾತ್ರವೇ? ಹಾಗಿದ್ದರೆ ಹಾಗೆಯೇ ಇರಲಿ ಎಂದುಕೊಳ್ಳುವಳು. ಮರುಗಳಿಗೆಯೇ ಫೋನ್ ತಿರುಗಿಸಿ ನೋಡುವಳು. ಕನ್ನಡ ಕಲಿಸುವ ವಿದ್ಯಾಶ್ರೀ ಇದನ್ನೆಲ್ಲ ಗಮನಿಸಿ, ಒಂದು ಕಡೆ ಕೂತ್ಕೋ ಮಾರಾಯ್ತಿ, ನೋಡಿ ನೋಡಿ ನನಗೇ ಕಾಲು ನೋಯ್ತಿದೆ ಎಂದಳು.

ಮನೆಯಲ್ಲಿ ಅಪ್ಪ ಪುಟ್ಟಯ್ಯ ತರೀಕೆರೆಯ ಕಡೆಯ ಸಂಬಂಧವೊಂದನ್ನು ಹೇಳಿದರು. ಹುಡುಗ ಒಳ್ಳೆಯವನು, ತೋಟವಿದೆ. ಗಗನಾ ಬೇಡ ಎಂದಳು. ಅಪ್ಪ ರೇಗಲಿಲ್ಲ. ಮನಸ್ಸಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ಮೆಲ್ಲಗೆ ಕೇಳಿದರು.

"ನನ್ ಮನಸ್ಸಲ್ಲಿ ಇದ್ದಾರಪ್ಪ. ಅವ್ರ ಮನಸ್ಸಲ್ಲಿ ನಾನಿದ್ದೀನೋ ಇಲ್ವೋ, ಅದೇ ಗೊತ್ತಿಲ್ಲ."

ಜನವರಿಯಲ್ಲಿ ಎರಡೂ ಶಾಲೆಯ ಶಿಕ್ಷಕರನ್ನು ಒಂದು ಮಧ್ಯಾಹ್ನ ವಿದ್ಯಾನಗರಕ್ಕೆ ಕರೆದರು. ಹೊಸ ಪ್ರೊಜೆಕ್ಟರನ್ನು ಬಳಸುವುದು, ಕಾಪಾಡುವುದು ಹೇಗೆಂದು ತೋರಿಸಲಿಕ್ಕೆ. ತೋರಿಸಿದವನು ಶಿವಯೋಗಿ. ಲೆನ್ಸನ್ನು ಸೆರಗಿನಿಂದಲೋ ಕರ್ಚೀಫಿನಿಂದಲೋ ಒರೆಸಬಾರದು, ಅದಕ್ಕೇ ಇರುವ ಮೆತ್ತನೆ ಬಟ್ಟೆ ಬಳಸಬೇಕು ಎಂದ. ಬಿಸಿ ಗಾಳಿ ಹೊರಬರುವ ಕಡೆ ಏನೂ ಅಡ್ಡ ಇರಬಾರದು, ಮಕ್ಕಳು ಬೆಳಕಿನ ಕಡೆ ನೇರವಾಗಿ ಕಣ್ಣಿಡಬಾರದು ಎಂದ. ಮಾತು ಸರಾಗವಾಗಿಯೇ ಇತ್ತು. ಮೂರನೇ ಬೆಂಚಿನಲ್ಲಿ ಕೂತ ಗಗನಾಳ ಮೇಲೆ ಕಣ್ಣು ಬಿದ್ದಾಗ ಮಾತ್ರ ಆಗಷ್ಟೇ ಹೇಳಿದ್ದನ್ನು ಮತ್ತೊಮ್ಮೆ ಹೇಳಿದ. ಆಮೇಲೆ ಆ ಕಡೆ ತಿರುಗಲೇ ಇಲ್ಲ.

ಎಲ್ಲರೂ ಚಹಾಕ್ಕೆ ಹೋದರು. ಅವನು ರಿಮೋಟನ್ನು ಪೆಟ್ಟಿಗೆಗೆ ಹಾಕುತ್ತಿದ್ದ. ಗಗನಾ ಹೋಗಿ ಎದುರಿಗೆ ನಿಂತಳು.

"ಒಂದು ಫೋನ್ ಮಾಡೋಕೂ ಆಗ್ಲಿಲ್ವಾ ಸರ್?"

ಅವನು ಪೆಟ್ಟಿಗೆ ಮುಚ್ಚಿದ. ನಿಮ್ಮ ಮನೆಯಲ್ಲಿ ಗಂಡು ನೋಡುತ್ತಿದ್ದಾರೆಂದು ವಿದ್ಯಾಶ್ರೀ ಮೇಡಂ ಹೇಳಿದರು ಎಂದ.

"ಬೇಡ ಅಂದೆ ನಾನು."

ಅವನ ಮುಖದ ಮೇಲೆ ಸಂತೋಷವೂ ಸಂಕಟವೂ ಒಟ್ಟಿಗೇ ಬಂದು ಹೋದವು.

"ನಾವು ಲಿಂಗಾಯತರು, ನೀವು ಗೌಡರು. ನಮ್ಮಮ್ಮ ದಿನಾ ಲಿಂಗಪೂಜೆ ಆಗದೆ ನೀರೂ ಕುಡಿಯಲ್ಲ. ಒಪ್ಪಲ್ಲ ಅವ್ರು."

"ಕೇಳಿದ್ರಾ?"

"ಇಲ್ಲ."

"ಹಾಗಾದ್ರೆ ಬೇಡ ಅಂದಿದ್ದು ನೀವು. ಅವ್ರಲ್ಲ."

ಗಗನಾ ಹೊರಟಳು. ಕಣ್ಣು ತುಂಬಿದ್ದನ್ನು ಅವನು ನೋಡಬಾರದಿತ್ತು. ಗೇಟು ದಾಟಿ ರಸ್ತೆಗೆ ಬರುವಷ್ಟರಲ್ಲಿ ಹಿಂದಿನಿಂದ ಓಡಿಬರುವ ಸದ್ದು ಕೇಳಿತು. ಅವನಿಗೆ ಏದುಸಿರು.

"ಬನ್ನಿ."

"ಎಲ್ಲಿಗೆ?"

"ಕೋಟೆಗೆ. ನಮ್ಮನೆಗೆ."

ಆಟೋದಲ್ಲಿ ಗಗನಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಇಳಿದುಬಿಡಲೇ ಎಂದು ಒಮ್ಮೆ ಅನಿಸಿತು. ಪಕ್ಕಕ್ಕೆ ನೋಡಿದರೆ ಅವನು ಏನನ್ನೋ ತುಟಿಯಲ್ಲೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದ. ಅದನ್ನು ಕಂಡ ಮೇಲೆ ಇಳಿಯುವ ಮನಸ್ಸಾಗಲಿಲ್ಲ.

ಕೋಟೆಯ ಗಲ್ಲಿಯೊಂದರ ಹಳೆಯ ಮನೆ. ಅವನ ಅಮ್ಮ ಜಗದಾಂಬಾ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಶಿವಯೋಗಿ ಚಪ್ಪಲಿಯನ್ನೂ ಬಿಡದೆ, ಒಂದೇ ಉಸಿರಿಗೆ ಹೇಳಿದ.

"ಅಮ್ಮ, ಇವ್ರು ಗಗನಾ. ಭದ್ರಾವತಿ ಸ್ಕೂಲಲ್ಲಿ ಟೀಚರು. ನಾನು ಮದುವೆ ಆಗೋದಾದ್ರೆ ಇವ್ರನ್ನೇ."

ಗಗನಾ ದಂಗಾಗಿ ಅವನನ್ನು ನೋಡಿದಳು. ಅವಳಿಗೇ ಹೇಳದಿದ್ದ ಮಾತು ಅದು.

ಜಗದಾಂಬಾರ ಕೈ ನಿಂತಿತು. ಅವಳನ್ನು ಮೇಲಿಂದ ಕೆಳಗೆ ನೋಡಿ, ಯಾರ ಮಗಳೆಂದು ಕೇಳಿದರು. ಗಗನಾ ಅಪ್ಪನ ಹೆಸರು ಹೇಳಿದಳು, ಜನ್ನಾಪುರದ ಮನೆ ಹೇಳಿದಳು, ಕೇಳುವ ಮೊದಲೇ ಜಾತಿಯನ್ನೂ ಹೇಳಿದಳು.

"ಮಾಂಸ ಮಾಡ್ತೀರೇನಮ್ಮ?"

"ಭಾನುವಾರ ಮಾಡ್ತೀವಮ್ಮ. ನಾನೂ ತಿಂತೀನಿ. ನಿಮ್ಮ ಹತ್ರ ಸುಳ್ಳು ಹೇಳಿ ಒಳಗೆ ಬರಲ್ಲ."

ಜಗದಾಂಬಾ ಕೈಯಲ್ಲಿದ್ದ ಅವರೆಕಾಯಿಯನ್ನು ಬಿಡಿಸಿ ಮುಗಿಸಿದರು. ಆಮೇಲೆ ಮಗನ ಕಡೆ ತಿರುಗಿದರು.

"ಒಂದು ತಿಂಗಳಿಂದ ಅನ್ನ ಕಲಸ್ತಾನೆ, ಹಾಗೇ ಏಳ್ತಾನೆ. ಯಾಕೋ ಅಂದ್ರೆ ಪ್ರೊಜೆಕ್ಟರ್ ಬದಲಾಯ್ತು ಅಂತಾನೆ. ಅದಕ್ಕೆ ಯಾರಾದ್ರೂ ಹಿಂಗೆ ಕೊರಗ್ತಾರಾ ಅಂತ ನಂಗೂ ಅನುಮಾನ ಇತ್ತು."

ಶಿವಯೋಗಿಯ ಕಿವಿ ಕೆಂಪಾಯಿತು.

"ಸರಿ ಅಂತ ಇವತ್ತೇ ಹೇಳಕ್ಕಾಗಲ್ಲ ನಂಗೆ" ಎಂದರು ಜಗದಾಂಬಾ. "ಮೊದ್ಲು ಈ ಹುಡುಗಿ ತಂದೆ ಹತ್ರ ಮಾತಾಡ್ಬೇಕು. ನನ್ ಮನಸ್ಸಿನ ಹತ್ರಾನೂ ಮಾತಾಡ್ಬೇಕು." ಮೊರವನ್ನು ಗಗನಾಳ ಕಡೆ ಸರಿಸಿದರು. "ನಿಂತೇ ಇದ್ದೀಯಲ್ಲ. ಕೂತ್ಕೋ. ಇಷ್ಟು ಬಿಡಿಸ್ತಿರು, ಕಾಫಿ ಮಾಡ್ತೀನಿ."

ಅವರು ಒಳಗೆ ಹೋದರು. ಗಗನಾ ಕೂತಳು. ಮೊರದ ಆ ಬದಿಗೆ ಅವನು ಕೂತ. ಅವರೆಯ ಸೊಗಡು ಬೆರಳಿಗೆ ಹತ್ತುತ್ತಿತ್ತು.

"ಅಮ್ಮನಿಗೆ ಹೇಳಿದ್ರಿ" ಎಂದಳು ತಲೆಯೆತ್ತದೆ. "ನಂಗಿನ್ನೂ ಹೇಳಿಲ್ಲ."

ಅವನು ಈ ಸಲ ನೆಲ ನೋಡಲಿಲ್ಲ. ಅವಳು ಕಣ್ಣೆತ್ತುವವರೆಗೂ ಕಾದ.

"ಗಗನಾ, ನೀನಂದ್ರೆ ನಂಗಿಷ್ಟ. ತುಂಬಾ ದಿನದಿಂದ. ಕಳ್ಕೊಂಡುಬಿಡ್ತೀನೇನೋ ಅಂತ ಹೆದರಿ ಸುಮ್ಮನಿದ್ದೆ. ಸುಮ್ಮನಿದ್ದೇ ಕಳ್ಕೋತಿದ್ದೆ."

ಕಾಳುಗಳ ನಡುವೆ ಅವಳ ಕಿರುಬೆರಳು ಅವನ ಬೆರಳನ್ನು ಮುಟ್ಟಿ ಅಲ್ಲೇ ನಿಂತಿತು.

ಒಳಗಿನಿಂದ ಜಗದಾಂಬಾ ಕೂಗಿ ಕೇಳಿದರು. "ಸಕ್ಕರೆ ಎಷ್ಟು ಹಾಕ್ಲಿ ಈ ಹುಡುಗಿಗೆ?"

ಗಗನಾ ಒಳಬಾಗಿಲ ಕಡೆ ತಿರುಗಿದಳು.

"ಅವಳಿಗೆ ಅರ್ಧ ಚಮಚ ಸಾಕಮ್ಮ" ಎಂದ ಶಿವಯೋಗಿ.

ಒಳಗೆ ಲೋಟದ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಜಗದಾಂಬಾ ತಮ್ಮಷ್ಟಕ್ಕೇ ನಕ್ಕದ್ದು ಇಬ್ಬರಿಗೂ ಕೇಳಿಸಿತು.