ಸ್ವಂತಕ್ಕೆ ಹೋದವರಿಗೆ ಬಸ್ಸು ಕಾಯುವುದಿಲ್ಲ

ಮದುರೆಯಲ್ಲಿ ಅಂಜಮ್ಮ ಬಳೆ ಅಂಗಡಿಯಿಂದ ಏದುಸಿರು ಬಿಡುತ್ತಾ ಓಡಿ ಬಂದಾಗ ಬಸ್ಸು ಹೊರಡುವ ಹೊತ್ತು ಯಾವಾಗಲೋ ಮೀರಿತ್ತು. ಆದರೂ ಬಸ್ಸು ಅಲ್ಲೇ ನಿಂತಿತ್ತು. ಹಿಂದಿನ ಚಕ್ರದ ಪಕ್ಕ ಯಾತ್ರೆಯ ಮ್ಯಾನೇಜರು ಚೆನ್ನಕೇಶವ ಕುಕ್ಕರಗಾಲಲ್ಲಿ ಕೂತು, ಕೈಯಲ್ಲಿ ಸ್ಪ್ಯಾನರ್ ಹಿಡಿದು, ಒಂದೊಂದೇ ನಟ್ಟನ್ನು ಮುಟ್ಟಿ ನೋಡುತ್ತಿದ್ದ.

"ಏನಾಯ್ತು ಚಕ್ರಕ್ಕೆ?"

"ಏನೂ ಆಗಿಲ್ಲ. ಮೆತ್ತಗೆ ಮಾತಾಡು. ನಟ್ಟು ಸಡಿಲ ಆಗೈತೆ ಅಂತ ಒಳಗಿರೋರಿಗೆ ಹೇಳಿವ್ನಿ."

"ಯಾಕೆ?"

"ಯಾಕೆ ಅಂತ ಬೇರೆ ಕೇಳ್ತಾಳೆ! ಪಾರ್ಟಿ ಬುಟ್ಟು ಸ್ವಂತಕ್ಕೆ ಹೋದೋಳು ನೀನು. ರೂಲ್ ಪ್ರಕಾರ ಬುಟ್ಬುಟ್ಟು ಹೋಗ್ಬೇಕಿತ್ತು. ಹೋಗ್ಲಾ?"

ಅವನು ತಲೆ ಎತ್ತಿ ನೋಡಿದ. ಹಣೆಯ ಮೇಲೆ ಗ್ರೀಸಿನ ಗೆರೆ, ತುಟಿಯ ತುದಿಯಲ್ಲಿ ಅಡಗಿಸಿಟ್ಟ ನಗು. ಅಂಜಮ್ಮನ ಕೈಯ ಹೊಸ ಬಳೆಗಳು ತಾವಾಗಿಯೇ ಸದ್ದು ಮಾಡಿದವು.

"ಹೋಗಿ ನೋಡು," ಎಂದಳು ಅವಳು, ಸೆರಗನ್ನು ಬಿಗಿ ಮಾಡಿಕೊಂಡು ಬಸ್ಸು ಹತ್ತುತ್ತಾ.

"ಅಂಜಮ್ಮ ಅಂತೆ ಹೆಸರು! ಯಾವುದಕ್ಕಾದ್ರೂ ಅಂಜ್ತಾಳಾ ನೋಡು!" ಎಂದು ಅವನು ಚಕ್ರಕ್ಕೆ ಹೇಳಿದ.

ಅದು ಎಂಬತ್ತೆರಡರ ಸಂಕ್ರಾಂತಿ ಕಳೆದ ಮೇಲಿನ ಮಾತು. ಹೊಸೂರಿನ ಹತ್ತಿರ, ಬೇರಿಕೆ ಕಡೆಯ ಅಂಜಮ್ಮನ ಹಳ್ಳಿಯಲ್ಲಿ ರಾಗಿ ಕಣದಿಂದ ಮನೆಗೆ ಬಂದಿತ್ತು. ಹೊಸೂರಿನ ವೆಂಕಟೇಶಪ್ಪನ ಯಾತ್ರೆ ಬಸ್ಸಿನಲ್ಲಿ ಅಂಜಮ್ಮ ತನ್ನ ಚಿಕ್ಕಮ್ಮ ರಾಮಕ್ಕನ ಜೊತೆ ಹೊರಟಿದ್ದಳು. ಅವರ ಬೀದಿಯ ಮುನಿಗಂಗಮ್ಮಜ್ಜಿಯೂ ಇದ್ದಳು. ತಾಯಿಯಿಲ್ಲದ ಅಂಜಮ್ಮನಿಗೆ ಎಣ್ಣೆ ಹಚ್ಚಿ ತಲೆ ಬಾಚಿ ಬೆಳೆಸಿದವಳು ಈ ಅಜ್ಜಿಯೇ.

ಬಸ್ಸು ನಿಂತಲ್ಲೆಲ್ಲ ಚೆನ್ನಕೇಶವ ಮೆಟ್ಟಿಲ ಮೇಲೆ ನಿಂತು ಒಂದೇ ಪಾಠ ಒಪ್ಪಿಸುತ್ತಿದ್ದ. "ನಮ್ಮ ಪಾರ್ಟಿ ಜೊತೆ ಬಂದ್ರೆ ಗೈಡು ನಮ್ಮೋನೇ, ವ್ಯಾನು ನಮ್ದೇ, ಎಷ್ಟೊತ್ತಾದ್ರೂ ಬಸ್ಸು ಕಾಯ್ತದೆ. ಸ್ವಂತಕ್ಕೆ ಹೋದೋರಿಗೆ ಬಸ್ಸು ಕಾಯಲ್ಲ. ಆಮೇಲೆ ಅತ್ಕೊಂಡು ಬರ್ಬೇಡಿ."

"ನಿಮ್ ಜೊತೆ ಬಂದ್ರೆ ದೇವ್ರ ಮುಖ ನೋಡೋಕ್ ಮುಂಚೆ ಬನ್ನಿ ಬನ್ನಿ ಅಂತ ಕುರಿ ಹೊಡ್ದಂಗೆ ಹೊಡೀತೀರಪ್ಪ," ಎಂದು ರಾಮಕ್ಕ ಗೊಣಗುವಳು. ಆದರೂ ಬಸ್ಸು ತಪ್ಪೀತೆಂಬ ಭಯಕ್ಕೆ ಪಾರ್ಟಿಯ ಜೊತೆಗೇ ಹೋಗುವಳು.

ಪಾಠ ಮುಗಿಸಿ ಅವನು ಕೊರಳಿನ ಕರಿದಾರದಲ್ಲಿದ್ದ ಪೀಪಿಯನ್ನು ಎರಡು ಸಲ ಊದುವನು. ಡ್ರೈವರ್ ಚಿನ್ನಸ್ವಾಮಿಗೆ ಅಷ್ಟೇ ಸಾಕು. ಪೀಪಿ ಕೇಳಿದರೆ ಹೊರಡುವುದು, ಕೇಳದಿದ್ದರೆ ಬೀಡಿ ಸೇದುವುದು. ಹಿಂದೆ ತಿರುಗಿ ನೋಡುವ ಅಭ್ಯಾಸ ಆ ಮನುಷ್ಯನಿಗೆ ಇರಲಿಲ್ಲ.

ಮದುರೆ ದಾಟಿದ ಮೇಲೆ ಚೆನ್ನಕೇಶವ ಹಿಂದಿನ ಬಾಗಿಲ ಬಳಿ, ಅಂಜಮ್ಮನ ಸೀಟಿನ ಪಕ್ಕವೇ ನಿಂತ. ಚಿಕ್ಕಮ್ಮ ನಿದ್ದೆ ಹೋಗಿದ್ದಳು.

"ನಮ್ಮೂರು ಹೊಸೂರಿಂದಾಚೆ, ತಳಿ ಹತ್ರ. ಊರು ತಣ್ಣಗೈತೆ," ಎಂದ, ಕಿಟಕಿಯಾಚೆ ನೋಡುತ್ತಾ.

"ಅದಕ್ಕೆ ನಾನೇನ್ ಮಾಡ್ಲಿ?"

"ಚಳಿ ತಡೀತೀಯಾ ಅಂತ ಕೇಳ್ದೆ."

ಅವಳು ಬಳೆಗಳನ್ನು ಮೊಣಕೈವರೆಗೆ ಏರಿಸಿದಳು, ಇಳಿಸಿದಳು. ಅವನು ಅದನ್ನೇ ನೋಡಿದ. ಅವನು ನೋಡುತ್ತಿದ್ದಾನೆಂದು ಅವಳಿಗೂ ಗೊತ್ತಿತ್ತು.

"ಊರಿಗೆ ಹೋದ್ಮೇಲೆ ಹೆಣ್ಣು ಕೇಳೋಕೆ ಬತ್ತೀನಿ," ಎಂದ ಮೆಲ್ಲಗೆ. "ನೀನು ಹೂಂ ಅಂದ್ರೆ."

"ಕನ್ಯಾಕುಮಾರೀಲಿ ಹೇಳ್ತೀನಿ."

ಹೇಳಲು ಅವಳ ಮನಸ್ಸಿನಲ್ಲಿ ಏನೂ ಬಾಕಿ ಇರಲಿಲ್ಲ. ಸುಮ್ಮನೆ ಕಾಯಿಸೋಣ ಎಂದು ಹಾಗಂದಳು. ಪ್ರೀತಿಸುವವರನ್ನು ಕಾಯಿಸುವುದರಲ್ಲಿ ಹೆಣ್ಣುಮಕ್ಕಳಿಗೆ ಏನೋ ಸುಖ!

ರಾಮೇಶ್ವರಕ್ಕೆ ಆಗ ರಸ್ತೆ ಸೇತುವೆ ಇರಲಿಲ್ಲ. ಬಸ್ಸು ಈಚೆ ದಡದ ಮಂಟಪಂ ಎಂಬ ಊರಲ್ಲೇ ನಿಂತು, ಜನ ರೈಲಿನಲ್ಲಿ ಸಮುದ್ರ ದಾಟಿ ಹೋಗಿ ಬರಬೇಕಿತ್ತು. ದೇವಸ್ಥಾನದ ಬಾವಿಗಳಲ್ಲಿ ಪಾರ್ಟಿಯವರಿಗೆ ಆಳುಗಳೇ ಬೇಗ ಬೇಗ ನೀರು ಸೇದಿ ಸುರಿದರು. ಮುನಿಗಂಗಮ್ಮಜ್ಜಿ ಅದಕ್ಕೆ ಒಪ್ಪಲಿಲ್ಲ. "ಗಂಡನ ಹೆಸ್ರಲ್ಲಿ ಮಾಡೋ ಸ್ನಾನ. ಅವಸರ ಮಾಡಿದ್ರೆ ಅವ್ರಿಗೆ ತಲುಪಲ್ಲ," ಎಂದು ಒಬ್ಬಳೇ ಸಾಲಿನಲ್ಲಿ ನಿಂತಳು.

ವಾಪಸ್ಸು ರೈಲಿಗೆ ಅಜ್ಜಿ ಬರಲಿಲ್ಲ.

ಮಂಟಪಂನಲ್ಲಿ ಅಂಜಮ್ಮ ಚೆನ್ನಕೇಶವನ ತೋಳು ಹಿಡಿದಳು. ಎಲ್ಲರೂ ನೋಡುತ್ತಿದ್ದಾರೆಂಬ ಪರಿವೆಯೂ ಅವಳಿಗಿರಲಿಲ್ಲ.

"ಮುಂದಿನ ರೈಲಿಗೆ ಬತ್ತಾಳೆ. ನಿಲ್ಸು. ನಟ್ಟು ಸಡಿಲ ಆಗೈತೆ ಅನ್ನು!"

"ಆಗಲ್ಲ ಅಂಜಮ್ಮ. ಮುಂದಿನ ರೈಲು ಇನ್ನೂ ಎಷ್ಟೊತ್ತಿಗೋ. ಸಾವ್ಕಾರರ ರೂಲು."

"ನಂಗೆ ಕಾದೆ!"

"ಅಜ್ಜಿ ಮನೆ ಸೇರ್ತಾಳೆ, ಬುಡು. ನೀನು ಹತ್ತು."

ಹಾಗೆಂದವನೇ ದೂರ ನಿಂತಿದ್ದ ಕೃಷ್ಣಗಿರಿಯ ಇನ್ನೊಂದು ಯಾತ್ರೆ ಬಸ್ಸಿನ ಬಳಿ ಹೋದ. ಆ ಬಸ್ಸಿನ ಮ್ಯಾನೇಜರಿನ ಹೆಗಲ ಮೇಲೆ ಕೈ ಹಾಕಿ, ಬೀಡಿ ಹಂಚಿಕೊಂಡು, ಏನೋ ಹೇಳಿ ನಕ್ಕ. ಬಂದು ಎರಡು ಸಲ ಪೀಪಿ ಊದಿದ. ಬಸ್ಸು ಹೊರಟಿತು. ಅಜ್ಜಿಯ ಎಲೆಯಡಿಕೆ ಚೀಲ ಖಾಲಿ ಸೀಟಿನ ಮೇಲೆ ಅತ್ತಿತ್ತ ಉರುಳುತ್ತಿತ್ತು.

ಅಂಜಮ್ಮ ಆ ಚೀಲವನ್ನೇ ನೋಡಿದಳು. ವಯಸ್ಸಿನ ಹುಡುಗಿಗೆ ನಟ್ಟು ಸಡಿಲ, ಮುದುಕಿಗೆ ರೂಲು! ಅವನು ತನಗಾಗಿ ಕಾದದ್ದು ಒಳ್ಳೆಯತನದಿಂದಲ್ಲ, ಬಳೆಯ ಕೈ ನೋಡಿ ಎಂದು ತೀರ್ಮಾನಿಸಿಬಿಟ್ಟಳು. ರಾತ್ರಿ ದಾರಿಯಲ್ಲಿ ಅವನು ಬಾಗಿಲ ಗಾಳಿಯ ಚಳಿಗೆ ಕೈ ಕಟ್ಟಿ ನಿಂತಿದ್ದ. "ಕಂಬಳಿ ಎಲ್ಲೋ ಬುಟ್ಬುಟ್ಟೆ," ಎಂದು ಅವಳ ಕಡೆ ನೋಡಿ ನಕ್ಕ.

"ಥೂ, ಕಲ್ಲುಮನಸಿನೋನೆ," ಎಂದು ಅವಳು ಮುಖ ತಿರುಗಿಸಿದಳು.

"ಊರಿಗೆ ಹೋಗು, ಗೊತ್ತಾಗ್ತದೆ," ಎಂದನಷ್ಟೆ.

ಕನ್ಯಾಕುಮಾರಿಯಲ್ಲಿ ಸೂರ್ಯ ಮುಳುಗಿದ ಮೇಲೆ ಎಲ್ಲರೂ ದಣಿದು ಬಸ್ಸಿಗೆ ಹತ್ತಿದರು. ಚೆನ್ನಕೇಶವ ಅಂಜಮ್ಮನ ಕಿಟಕಿಯ ಕೆಳಗೆ ಬಂದು, ಕೊರಳಿನ ಪೀಪಿ ತೆಗೆದು ಅವಳ ಮಡಿಲಿಗೆ ಹಾಕಿದ.

"ಇವತ್ತು ನಾನೂ ಸ್ವಂತಕ್ಕೆ ಹೋಗ್ತೀನಿ. ಒಂದು ಸಣ್ಣ ಕೆಲ್ಸ. ಇದು ಊದೋ ಗಂಟ ಚಿನ್ನಸ್ವಾಮಣ್ಣ ಅಲ್ಲಾಡಲ್ಲ."

"ನಾನು ಊದ್ಬುಟ್ರೆ?"

"ನೀನಾ?" ಅವನು ಜೋರಾಗಿ ನಕ್ಕ. "ಊದು ನೋಡಾನ!"

ಅವನು ಶಂಖದ ಅಂಗಡಿಗಳ ಕಡೆಗೆ ಓಡಿದ. ಪೀಪಿ ಇನ್ನೂ ಬೆಚ್ಚಗಿತ್ತು. ಅಂಜಮ್ಮ ಅದನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ಮುಂದಿನ ಸೀಟಿನಲ್ಲಿ ಎಲೆಯಡಿಕೆ ಚೀಲ. ಆ ಪರಸ್ಥಳದಲ್ಲಿ ಒದ್ದೆ ಸೀರೆಯುಟ್ಟು, ಭಾಷೆ ಬಾರದೆ, ಬಸ್ಸು ಹುಡುಕುವ ಮುದುಕಿ ಅವಳ ಕಣ್ಣ ಮುಂದೆ ಬಂದಳು. ಅವನಿಗೂ ಗೊತ್ತಾಗಲಿ ಎಂದುಕೊಂಡಳು.

"ಕೇಶವ ಹತ್ತಿದ್ನೇನೆ?" ರಾಮಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಹತ್ತಿದ. ಹಿಂದೆ ಅವ್ನೆ."

ಅಂಜಮ್ಮ ಕಿಟಕಿಯಾಚೆ ಮುಖ ಹಾಕಿ ಎರಡು ಸಲ ಊದಿದಳು.

ಬಸ್ಸು ತಿರುವಿನ ಕಡೆಗೆ ಹೊರಳುವಾಗ ಅವನು ಅಂಗಡಿ ಸಾಲಿನಿಂದ ಓಡಿ ಬಂದ. ಪೇಪರಿನಲ್ಲಿ ಸುತ್ತಿದ ಏನನ್ನೋ ಮೇಲಕ್ಕೆ ಎತ್ತಿ ಹಿಡಿದಿದ್ದ. ನಗುತ್ತಾ ಓಡುತ್ತಿದ್ದ, ಆಟ ಗೊತ್ತಿದ್ದವನಂತೆ. ಅಂಜಮ್ಮ ಕೈ ಬೀಸಿದಳು. ಅವನು ಇನ್ನೂ ನಕ್ಕ. ಆಮೇಲೆ ನಗು ನಿಂತಿತು. ಅದನ್ನೂ ಅವಳು ನೋಡಿದಳು, ನೋಡಿ ತೃಪ್ತಿಪಟ್ಟಳು.

ನಾಗರಕೋಯಿಲಿನಲ್ಲಿ ಟೀಗೆ ಇಳಿದಾಗಲೇ ಮ್ಯಾನೇಜರು ಇಲ್ಲವೆಂದು ಜನಕ್ಕೆ ಗೊತ್ತಾದದ್ದು. "ಸ್ವಂತಕ್ಕೆ ಹೋದೋರಿಗೆ ಬಸ್ಸು ಕಾಯಲ್ಲ!" ಎಂದು ಯಾರೋ ಕೂಗಿದರು. ಇಡೀ ಬಸ್ಸೇ ಗೊಳ್ಳೆಂದು ನಕ್ಕಿತು. ತಿರುಗಿ ಹೋಗೋಣ ಎಂದು ಒಬ್ಬರೂ ಅನ್ನಲಿಲ್ಲ.

ಊರು ಸೇರಿ ಬೀದಿಗೆ ಕಾಲಿಟ್ಟರೆ, ಮುನಿಗಂಗಮ್ಮಜ್ಜಿ ತನ್ನ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಾಳೆ!

"ಈಗ ಬಂದ್ರಾ? ನಾನು ಮೊನ್ನೇನೇ ಬಂದೆ ಕಣೆ."

ಅಂಜಮ್ಮ ಹೊತ್ತು ತಂದ ಗಂಟನ್ನು ಅಲ್ಲೇ ಕೆಳಗಿಟ್ಟಳು. "ಹೆಂಗ್ ಬಂದೆ ಅಜ್ಜಿ?"

"ನಮ್ ಕೇಶವ! ಕೃಷ್ಣಗಿರಿ ಬಸ್ಸಿನೋನ್ಗೆ ಹೇಳಿದ್ನಂತೆ, ಇಂಥ ಮುದುಕಿ ಒಬ್ಳವ್ಳೆ, ಸೀದಾ ಮನೆ ಸೇರ್ಸಪ್ಪ ಅಂತ. ಆವಯ್ಯ ಮುಂದಿನ ರೈಲಿಗೇ ಕಾದು ನಿಂತಿದ್ದ. ಯಾರ್ಗೂ ಹೇಳ್ಬೇಡಿ, ಗೊತ್ತಾದ್ರೆ ಎಲ್ರೂ ಸ್ವಂತಕ್ಕೇ ಹೋಗ್ತಾರೆ, ಸಾವ್ಕಾರ ಬೈತಾನೆ ಅಂದಿದ್ನಂತೆ. ಒದ್ದೆ ಸೀರೇಲಿ ಬತ್ತಾಳೆ ಅಂತ ಹೊದ್ಕೊಳಕ್ಕೆ ತನ್ನ ಕಂಬ್ಳೀನೂ ಕೊಟ್ಟವ್ನೆ. ಇಗೋ. ಬಂಗಾರದಂಥ ಹುಡ್ಗ ಕಣೆ ಅಂಜಿ. ನಿನ್ಗೆ ತಂದ್ಕೋಬೇಕು ಅಂತ ನನ್ ಆಸೆ."

ಅಂಜಮ್ಮ ಆ ಕಂಬಳಿಯಲ್ಲಿ ಮುಖ ಹುದುಗಿಸಿ ಅತ್ತಳು. ಅವಳು ಯಾಕೆ ಅಳುತ್ತಿದ್ದಾಳೆಂದು ಅಜ್ಜಿಗೆ ತಿಳಿಯಲಿಲ್ಲ.

ವೆಂಕಟೇಶಪ್ಪ ಚೆನ್ನಕೇಶವನನ್ನು ಕೆಲಸದಿಂದ ತೆಗೆದುಹಾಕಿದ. ತನ್ನ ಬಸ್ಸನ್ನೇ ತಪ್ಪಿಸಿಕೊಂಡ ಮ್ಯಾನೇಜರು ಎಂದು ಹೊಸೂರಿನ ಟೀ ಅಂಗಡಿಗಳಲ್ಲೆಲ್ಲ ನಗೆಪಾಟಲಾದ. ಬೇಸಿಗೆಯ ಹೊತ್ತಿಗೆ ಅವನು ತಳಿಗೆ ಹೋಗುವ ಪ್ರೈವೇಟ್ ಬಸ್ಸಿಗೆ ಕಂಡಕ್ಟರಾಗಿದ್ದಾನೆಂಬ ಸುದ್ದಿ ಬಂತು. ಅಂಜಮ್ಮ ಕಂಬಳಿಯನ್ನು ಒಗೆದು ಮಡಿಸಿ, ಪೀಪಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೊಸೂರು ಬಸ್ ಸ್ಟ್ಯಾಂಡಿಗೆ ಹೋದಳು.

ಬಸ್ಸಿನ ಮುಂದಿನ ಗಾಜಿನ ಒಳಗೆ ದೇವರ ಪಟದ ಕೆಳಗೆ ಒಂದು ಶಂಖ ತೂಗುತ್ತಿತ್ತು. ಅದರ ಮೇಲೆ ನೀಲಿ ಬಣ್ಣದಲ್ಲಿ, ಸೊಟ್ಟಪಟ್ಟ ಕನ್ನಡ ಅಕ್ಷರದಲ್ಲಿ 'ಚೆನ್ನಕೇಶವ' ಎಂದಿತ್ತು. ಪಕ್ಕದಲ್ಲಿ ಇನ್ನೊಂದು ಹೆಸರಿನ ಜಾಗವನ್ನು ಬ್ಲೇಡಿನಿಂದ ಕೆರೆದು ಬೆಳ್ಳಗೆ ಮಾಡಲಾಗಿತ್ತು.

"ಎಲ್ಲಿಗಮ್ಮ? ತಳಿಗಾ? ಹತ್ತಿ," ಎಂದ ಚೆನ್ನಕೇಶವ. ಇಷ್ಟು ದಿನ ನೀನು ಎನ್ನುತ್ತಿದ್ದವನು.

"ಕೇಶವ, ಅಜ್ಜಿ ಎಲ್ಲಾ ಹೇಳಿದ್ಲು. ನಂಗ್ ಗೊತ್ತಿರ್ಲಿಲ್ಲ. ನೀನೊಂದು ಮಾತು ಹೇಳ್ಬೋದಿತ್ತಲ್ಲ!"

"ಕೇಳಿದ್ರೆ ಹೇಳ್ತಿದ್ದೆ. ನೀವು ಕೇಳ್ಲಿಲ್ಲ, ಬೈದ್ರಿ." ಅವನು ಶಂಖದ ಕಡೆ ನೋಡಿದ. "ಅಂಗಡಿಯೋನ್ಗೆ ಕನ್ನಡ ಅಕ್ಷರ ಬತ್ತಿರ್ಲಿಲ್ಲ. ನಾನು ಓದಿದ್ದು ತಮಿಳು ಸ್ಕೂಲ್ನಲ್ಲಿ. ನಿಮ್ಗೆ ಓದೋಕಾಗ್ಲಿ ಅಂತ ನಾನೇ ಗೀಚಿ ಗೀಚಿ ತೋರ್ಸಿದ್ದು. ಅದಕ್ಕೇ ತಡ ಆಯ್ತು."

"ತಪ್ಪಾಯ್ತು, ಕೇಶವ."

"ನಾನು ನಗ್ತಾ ಓಡಿದೆ. ಮುಂದಿನ ತಿರುವಲ್ಲಿ ನಿಲ್ಸಿರ್ತಾಳೆ ಅಂತ. ಅಲ್ಲಿ ಇರ್ಲಿಲ್ಲ. ಅದರ ಮುಂದಿನ ತಿರುವಿನ ಗಂಟಾನೂ ಓಡಿದೆ."

ಅಂಜಮ್ಮ ಸೆರಗಿನ ಗಂಟು ಬಿಚ್ಚಿ ಪೀಪಿಯನ್ನು ಅಂಗೈಯಲ್ಲಿ ಹಿಡಿದಳು.

"ಕನ್ಯಾಕುಮಾರೀಲಿ ಹೇಳ್ತೀನಿ ಅಂದಿದ್ದೆ. ಈಗ ಹೇಳ್ತೀನಿ. ಹೂಂ. ಮದುರೇಲೇ ಹೂಂ ಅಂದಿತ್ತು ಮನ್ಸು. ಹೆಣ್ಣು ಕೇಳೋಕೆ ಬಾ."

ಅವನು ಪೀಪಿಯನ್ನು ತೆಗೆದುಕೊಂಡ. ಅವನ ಬೆರಳು ಅವಳ ಅಂಗೈಗೆ ತಾಗಿ ಒಂದು ಕ್ಷಣ ಅಲ್ಲೇ ನಿಂತಿತು. ಅವನ ಕಣ್ಣಲ್ಲಿ ನೀರಿತ್ತು, ಅವಳು ಸರಿಯಾಗಿಯೇ ನೋಡಿದಳು. ಬಂದೇ ಬರುತ್ತಾನೆ ಎಂದುಕೊಂಡಳು.

ಅವನು ಪೀಪಿಯನ್ನು ಅಂಗಿಯ ತುದಿಗೆ ಚೆನ್ನಾಗಿ ಒರೆಸಿದ. ಮೆಟ್ಟಿಲು ಹತ್ತಿ ಎರಡು ಸಲ ಊದಿದ.

ಅಂಜಮ್ಮ ಕಂಬಳಿಯನ್ನು ಎದೆಗೆ ಅವುಚಿಕೊಂಡು ಬಸ್ಸಿನ ಹಿಂದೆ ತಳಿ ರಸ್ತೆಯ ತಿರುವಿನವರೆಗೆ ಓಡಿದಳು. ಅದರ ಮುಂದಿನ ತಿರುವಿನವರೆಗೂ ಓಡಿದಳು. ಅವನು ಒಳಗೆ ಟಿಕೆಟ್ ಹರಿಯುತ್ತಿದ್ದ, ಒಂದು ಸಲವೂ ಹಿಂದೆ ನೋಡಲಿಲ್ಲ.